ಕೊಡಗಿನ ಒಂದೂರಲ್ಲಿ ಸಮುದಾಯಗಳ ನಂಟು ಹೇಗೆ ಬದಲಾಗಿದೆ ಎಂದು ತಿಳಿಯುವ ಕ್ರಮ

ಇಡೀ ಜಿಲ್ಲೆಯನ್ನು ಹಿಡಿಯಲು ಹೋಗಬೇಡಿ. ಒಂದು ಗ್ರಾಮ ಪಂಚಾಯಿತಿ ಸಾಕು. ಕೊಡಗಿನ ಜನಸಂಖ್ಯೆ 2001ರಲ್ಲಿ 5,48,561, 2011ರಲ್ಲಿ 5,54,519. ಏರಿದ್ದು ಬರೀ ಆರು ಸಾವಿರದಷ್ಟು. ಊರು ಇದ್ದಂತೆಯೇ ಇದೆ ಎಂದು ಈ ಲೆಕ್ಕ ನಂಬಿಸುತ್ತದೆ. ಮಕ್ಕಳು ಬೆಂಗಳೂರು ಸೇರಿದ್ದು, ಖಾಲಿಯಾದ ಕೋಣೆಗಳು ಹೋಂಸ್ಟೇ ಆದದ್ದು, ಕಾಫಿ ತೋಟಕ್ಕೆ ಅಸ್ಸಾಂ, ಬಂಗಾಳದ ಕಾರ್ಮಿಕರು ಬಂದದ್ದು ಅದರಲ್ಲಿ ಕಾಣುವುದಿಲ್ಲ. ಹಾಗಾಗಿ ಪ್ರತಿ ಮನೆಯಿಂದ ಹೊರಗೆ ಹೋದವರನ್ನೂ ಅಲ್ಲಿಗೆ ಬಂದವರನ್ನೂ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ.

ನಲವತ್ತು ಮನೆ ಆರಿಸಿ: ತೋಟದ ಮಾಲೀಕರದು ಹತ್ತು, ತೋಟದ ಕಾರ್ಮಿಕರು ಇರುವ ಲೈನ್‌ಮನೆ ಹತ್ತು, ಹಾಡಿಯಲ್ಲಿ (ಆದಿವಾಸಿಗಳ ಕೇರಿ) ಹತ್ತು, ಪೈಸಾರಿ (ಸರ್ಕಾರಿ) ಜಾಗದಲ್ಲಿ ಮತ್ತು ಪೇಟೆಯಲ್ಲಿ ಸೇರಿ ಹತ್ತು. ಎರಡು ಸಲ ಹೋಗಲೇಬೇಕು. ಜನವರಿಯಿಂದ ಮಾರ್ಚ್‌ವರೆಗೆ ರೋಬಸ್ಟಾ ಕಾಫಿಯ ಕುಯ್ಲು, ಆಗ ಲೈನ್‌ಮನೆ ತುಂಬಿರುತ್ತದೆ. ಜುಲೈಯಲ್ಲಿ ಹೋದರೆ ಮಳೆಗೂ ಊರಲ್ಲೇ ಉಳಿದವರು ಯಾರು ಎಂದು ತಿಳಿಯುತ್ತದೆ. ಕುಯ್ಲಿನ ಹೊತ್ತಲ್ಲಿ ಮಾತ್ರ ನೋಡಿದವರು "ಎಲ್ಲ ಹೊರಗಿನವರೇ" ಎಂದು ಬರೆದುಬಿಡುತ್ತಾರೆ.

"ಸ್ಥಳೀಯ", "ಹೊರಗಿನವ" ಎಂಬ ಎರಡೇ ಕಂಬಸಾಲು (ಕಾಲಂ) ಹಾಳೆಯಲ್ಲಿ ಹಾಕಿದರೆ ಅಧ್ಯಯನ ಅಲ್ಲೇ ಕೆಟ್ಟಿತು. ಕೊಡವರು, ಅರೆಭಾಷೆ ಗೌಡರು, ಆದಿವಾಸಿಗಳಾದ ಯರವರು, ಜೇನುಕುರುಬರು, ತಲೆಮಾರುಗಳಿಂದ ಇಲ್ಲಿರುವ ಮಾಪಿಳ್ಳೆಯರು (ಮಲಯಾಳಿ ಮುಸ್ಲಿಮರು) ಮತ್ತು ಇತರ ಮಲಯಾಳಿಗಳು, ತುಳುವರು, ತಮಿಳರು ಬೇರೆಬೇರೆಯಾಗಿ ಬರಲಿ. "ಅಸ್ಸಾಮಿನವರು" ಎಂದು ಒಟ್ಟಾಗಿ ಕರೆಯುವ ಗುಂಪಿನಲ್ಲಿ ಬಂಗಾಳಿ ಮಾತಾಡುವ ಮುಸ್ಲಿಮರೂ ಆದಿವಾಸಿಗಳೂ ಇರುತ್ತಾರೆ. ಮನೆಮಾತು ಯಾವುದು, ಯಾವ ಜಿಲ್ಲೆಯಿಂದ ಬಂದದ್ದು ಎಂದು ಬೇರೆಬೇರೆಯಾಗಿ ಕೇಳಿ.

ಮುಖ್ಯ ಕಂಬಸಾಲುಗಳು ನಾಲ್ಕು: ಕೆಲಸ, ಇಪ್ಪತ್ತು ವರ್ಷದ ಹಿಂದೆ ಅದನ್ನು ಮಾಡುತ್ತಿದ್ದವರು, ಈಗ ಮಾಡುವವರು, ಕೆಲಸದಲ್ಲಿ ಆಡುವ ಮಾತು. ನಾಲ್ಕನೆಯದನ್ನು ಬಿಡಲೇಬೇಡಿ. ಮನೆಯವರೊಡನೆ ಕೊಡವ ತಕ್ಕ್ (ಕೊಡವ ಭಾಷೆ), ತೋಟದ ಲೆಕ್ಕ ನೋಡುವ ರೈಟರ್ ಜೊತೆ ಕನ್ನಡ, ಅಂಗಡಿಯಲ್ಲಿ ಮಲಯಾಳ, ಕುಯ್ಲಿನವರೊಡನೆ ಹಿಂದಿ ಆಡುವ ಮಾಲೀಕರು ಸಿಗುತ್ತಾರೆ. ಅದೇ ತೋಟದಲ್ಲಿ ಮೊದಲು ಯರವರೊಡನೆ ಯಾವ ಮಾತು ನಡೆಯುತ್ತಿತ್ತು, ಅದು ಯಾವಾಗ ನಿಂತಿತು ಎಂದು ಕೇಳಿದರೆ ಮುರಿದ ನಂಟಿನ ಕಾಲವೇ ಗೊತ್ತಾಗುತ್ತದೆ.

ಕೂಲಿ ಹೋಲಿಸುವಾಗ ಎಚ್ಚರ. ಕುಯ್ಲಿಗೆ ಕಿಲೋ ಲೆಕ್ಕ, ಕಪಾತು (ಗಿಡ ಸವರುವುದು) ಮತ್ತು ಕಳೆಗೆ ಸಾಮಾನ್ಯವಾಗಿ ದಿನಗೂಲಿ. ಒಬ್ಬರ ಕಿಲೋ ಗಳಿಕೆಯನ್ನು ಇನ್ನೊಬ್ಬರ ದಿನಗೂಲಿಯ ಪಕ್ಕದಲ್ಲಿಟ್ಟು ಒಂದು ಜನಾಂಗ ಸೋಮಾರಿ, ಇನ್ನೊಂದು ಚುರುಕು ಎನ್ನುವುದು ಅನ್ಯಾಯ. ಮುಂಗಡ ಎಷ್ಟು, ಆಳು ಕರೆತರುವ ಮೇಸ್ತ್ರಿ ಎಷ್ಟು ಹಿಡಿಯುತ್ತಾನೆ ಎಂಬುದನ್ನೂ ಬರೆದುಕೊಳ್ಳಿ.

ಹೋಂಸ್ಟೇಯಲ್ಲಿ ಅಡುಗೆ, ಕೋಣೆ ಕೆಲಸ, ಜೀಪು, ಕುಣಿತ ಯಾರದು, ಪ್ರತಿಯೊಂದಕ್ಕೂ ಎಷ್ಟು ಹಣ ಎಂದು ಕೇಳಿ. ಕೊಡವರ ಕಡಂಬುಟ್ಟು (ಅಕ್ಕಿ ಉಂಡೆ), ಪಂದಿಕರಿ (ಹಂದಿ ಸಾರು) ಬಡಿಸುವ ಮನೆಯಲ್ಲಿ ಒಲೆಯ ಮುಂದೆ ನಿಂತವರು ಬೇರೆ ಸಮುದಾಯದವರಾಗಿರಬಹುದು.

ಜಾಗದ ವಿಷಯಕ್ಕೆ ಬರೀ ಪಹಣಿ ಸಾಲದು. ನೀರಿನ ದಾರಿ, ಸ್ಮಶಾನ, ಹಾಡಿಗೆ ಹೋಗುವ ಕಾಲುದಾರಿಗೆ ರೆಸಾರ್ಟಿನ ಬೇಲಿ ಬಿದ್ದಿದೆಯೇ ಎಂದು ನಡೆದು ನೋಡಿ. 2016ರಲ್ಲಿ ಕೊಡಗಿನದೇ ದಿಡ್ಡಳ್ಳಿಯ ಆದಿವಾಸಿಗಳ ಗುಡಿಸಲು ತೆರವಾದ ಮೇಲೆ ಹಾಡಿಗಳಲ್ಲಿ ಜಾಗದ ಪ್ರಶ್ನೆಗೆ ಜನ ಸುಲಭವಾಗಿ ಬಾಯಿಬಿಡದಿರಬಹುದು. ಮೊದಲ ದಿನವೇ ಇದನ್ನು ಕೇಳಬೇಡಿ.

ಕಾರ್ಮಿಕರೊಡನೆ ಮಾತನ್ನು ಮಾಲೀಕರ ಅಂಗಳದಲ್ಲಿ, ಮೇಸ್ತ್ರಿಯ ಎದುರಿನಲ್ಲಿ ಆಡಿಸಬೇಡಿ. ಸಂತೆ ದಿನ ಚಹಾದಂಗಡಿ ವಾಸಿ. ಹೆಸರಿನ ಬದಲು ಸಂಖ್ಯೆ ಬರೆಯಿರಿ. ಗುರುತಿನ ಚೀಟಿಯ ಫೋಟೋ ಖಂಡಿತ ಬೇಡ. ಬಂಗಾಳಿ ಮಾತಾಡುವವರನ್ನೆಲ್ಲ ಬಾಂಗ್ಲಾದೇಶದವರೆಂದು ಶಂಕಿಸುವಲ್ಲಿ ನಿಮ್ಮ ಫೋನೇ ಅವರಿಗೆ ಅಪಾಯವಾದೀತು.

ಕೊನೆಗೆ ಬರೆದದ್ದನ್ನು ಗ್ರಾಮಸಭೆಗೆ ಒಯ್ಯುವ ಮೊದಲು ಹಾಡಿಯಲ್ಲಿ, ಲೈನ್‌ಮನೆಯಲ್ಲಿ ಓದಿ ಹೇಳಿ. ಮಾಲೀಕರು ಮುಂದೆ ಕೂತ ಸಭೆಯಲ್ಲಿ ಹಾಡಿಯವರು, ಕಾರ್ಮಿಕರು ತಪ್ಪು ತಿದ್ದಲು ಎದ್ದು ನಿಲ್ಲುವುದು ಕಷ್ಟ.