ಮೇನ್ ಬ್ರಾಂಚ್ ಒಡೆಯದಂತೆ ಕಟ್ಟಿದ ಮರ್ಜ್ ಕ್ಯೂ: ನನ್ನ ಅನುಭವ

ಕಳೆದ ಏಳೆಂಟು ತಿಂಗಳಿಂದ ನಮ್ಮ ಮೇನ್ ಬ್ರಾಂಚ್ (ಎಲ್ಲರ ಕೋಡೂ ಕೊನೆಗೆ ಬಂದು ಸೇರುವ ಮುಖ್ಯ ಪ್ರತಿ) ಒಂದು ಸಲವೂ ಕೆಂಪಾಗಿಲ್ಲ, ಅಂದರೆ ಅದರ ಮೇಲೆ ಟೆಸ್ಟ್ ಫೇಲಾಗಿಲ್ಲ. ಕಾರಣ ಮರ್ಜ್ ಕ್ಯೂ: ಬದಲಾವಣೆಗಳನ್ನು ಸಾಲಲ್ಲಿ ನಿಲ್ಲಿಸಿ, ಟೆಸ್ಟ್ ಪಾಸಾದ ಮೇಲೇ ಮೇನ್‌ಗೆ ಸೇರಿಸುವ (ಮರ್ಜ್ ಮಾಡುವ) ಏರ್ಪಾಡು. ಹತ್ತು ಹನ್ನೆರಡು ಜನ ಕೈಯಾಡಿಸುವ ಬಿಲ್ಲಿಂಗ್ ಸಾಫ್ಟ್‌ವೇರ್ ಇದು. ದಿನಕ್ಕೆ ಹದಿನೈದಿಪ್ಪತ್ತು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಬರುತ್ತವೆ. "ಎಲ್ಲವನ್ನೂ ಸಾಲಲ್ಲಿ ನಿಲ್ಲಿಸಿದರೆ ರಿಲೀಸ್ ಆದ ಹಾಗೇ ಬಿಡಿ" ಅಂದವರೇ ಟೀಮಿನಲ್ಲಿ ಜಾಸ್ತಿ ಇದ್ದರು. ಅದಕ್ಕೇ ಬರೆಯಬೇಕು ಅನ್ನಿಸಿತು.

ಸಿಐ, ಅಂದರೆ ಕೋಡ್ ಬದಲಾದಾಗಲೆಲ್ಲ ತಾನಾಗೇ ಟೆಸ್ಟ್ ಓಡಿಸುವ ವ್ಯವಸ್ಥೆ, ನಮ್ಮಲ್ಲಿ ಮೊದಲಿಂದಲೂ ಇತ್ತು. ಒಬ್ಬೊಬ್ಬರೂ ತಮ್ಮ ಕೆಲಸವನ್ನು ಬೇರೆ ಬ್ರಾಂಚಿನಲ್ಲಿ ಮಾಡುತ್ತಾರೆ. ಪ್ರತಿ ಬ್ರಾಂಚ್‌ಗೂ ಹಸಿರು ಟಿಕ್ ಬೀಳುತ್ತಿತ್ತು. ಆದರೂ ವಾರಕ್ಕೆ ಒಂದೆರಡು ಸಲ ಮೇನ್ ಒಡೆಯುತ್ತಿತ್ತು. ಒಂದು ಸಲ ಹೀಗಾಯಿತು: ಒಬ್ಬರು ತೆರಿಗೆ ಲೆಕ್ಕದ ಫಂಕ್ಷನ್ ಅನ್ನು ರೂಪಾಯಿಯಿಂದ ಪೈಸೆಗೆ ಬದಲಾಯಿಸಿ, ಅದನ್ನು ಕರೆಯುವ ಕಡೆಗಳನ್ನೆಲ್ಲ ಸರಿ ಮಾಡಿದರು. ಅದೇ ಹೊತ್ತಿಗೆ ಇನ್ನೊಬ್ಬರು ಬೇರೆ ಫೈಲಿನಲ್ಲಿ ಅದೇ ಫಂಕ್ಷನ್‌ಗೆ ರೂಪಾಯಿ ಕೊಡುವ ಹೊಸ ಕೋಡ್ ಬರೆದರು. ಎರಡೂ ಹಸಿರು. ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಕಣ್ಣಿಗೆ ಕಾನ್‌ಫ್ಲಿಕ್ಟ್ ಇಲ್ಲ, ಇಬ್ಬರೂ ಒಂದೇ ಸಾಲನ್ನು ಮುಟ್ಟಿರಲಿಲ್ಲವಲ್ಲ. ಎರಡೂ ಮರ್ಜ್ ಆದ ಮೇಲೆ 1,180 ರೂಪಾಯಿ ಬರಬೇಕಾದ ಬಿಲ್ 11.80 ಅಂತ ಬಂತು. ಟೆಸ್ಟ್ ಇರಲಿಲ್ಲವಾ ಅಂದರೆ, ಇತ್ತು. ಆದರೆ ಎರಡು ಬದಲಾವಣೆಯೂ ಕೂಡಿದ ಕೋಡ್ ಮೇಲೆ ಅದನ್ನು ಮರ್ಜ್‌ಗೆ ಮೊದಲು ಯಾರೂ ಓಡಿಸಿರಲಿಲ್ಲ.

ಉಪಾಯ ಹಳೆಯದೇ. ಎಲ್ಲ ಟೆಸ್ಟ್ ಪಾಸಾಗುವ ಕೋಡ್ ಮಾತ್ರ ಮುಖ್ಯ ಬ್ರಾಂಚಿನಲ್ಲಿ ಇರುವಂತೆ ಯಂತ್ರವೇ ನೋಡಿಕೊಳ್ಳಬೇಕು ಅಂತ ರಸ್ಟ್ ಭಾಷೆ ಶುರು ಮಾಡಿದ ಗ್ರೇಡನ್ ಹೋರ್ 2014ರಲ್ಲೇ ಬರೆದಿದ್ದರು. ರಸ್ಟ್‌ಗೆ ಆ ಕೆಲಸ ಮಾಡಿದ್ದು ಬಾರ್ಸ್ ಅನ್ನುವ ಬಾಟ್. ಕೋಡ್ ಇಡುವ ತಾಣ ಗಿಟ್‌ಹಬ್‌ನ ಮರ್ಜ್ ಕ್ಯೂ 2023ರಲ್ಲಿ ಎಲ್ಲರಿಗೂ ತೆರೆಯಿತು ನಿಜ. ಆದರೆ ಪ್ರೈವೇಟ್ ರೆಪೊಗೆ (ಹೊರಗಿನವರಿಗೆ ಕಾಣದ ಕೋಡ್ ಸಂಗ್ರಹಕ್ಕೆ) ಬೇಕಿದ್ದರೆ ಎಂಟರ್‌ಪ್ರೈಸ್ ಪ್ಲಾನ್ ಬೇಕು. ಅಷ್ಟು ದುಡ್ಡು ನಮ್ಮಲ್ಲಿ ಇರಲಿಲ್ಲ.

ಹಾಗಾಗಿ ನಾನೇ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದೆ. ಇನ್ನೂರು ಸಾಲು ಇರಬಹುದು. ಈ ಕ್ಷಣದ ಮೇನ್ ತಗೊಂಡು, ಸಾಲಿನಲ್ಲಿ ಮೊದಲು ನಿಂತ ಬ್ರಾಂಚ್ ಅನ್ನು ಬೇರೆ ವರ್ಕ್‌ಟ್ರೀಯಲ್ಲಿ (ಪ್ರತ್ಯೇಕ ಫೋಲ್ಡರಿನಲ್ಲಿ) ಮರ್ಜ್ ಮಾಡುತ್ತದೆ. ಹಾಗೆ ಹುಟ್ಟಿದ ಕಮಿಟ್ (ಗಿಟ್‌ನಲ್ಲಿ ದಾಖಲಾದ ಕೋಡಿನ ಸ್ಥಿತಿ) ಮೇಲೆ ಟೆಸ್ಟ್ ಓಡಿಸುತ್ತದೆ. ಪಾಸಾದರೆ ಮೇನ್ ಅನ್ನು ಅದೇ ಕಮಿಟ್‌ಗೆ ಫಾಸ್ಟ್ ಫಾರ್ವರ್ಡ್ ಮಾಡುತ್ತದೆ, ಅಂದರೆ ಹೊಸ ಕಮಿಟ್ ಹುಟ್ಟಿಸದೆ ಮುಂದಕ್ಕೆ ಸರಿಸುತ್ತದೆ. 'ಅದೇ ಕಮಿಟ್' ಅನ್ನುವುದರಲ್ಲೇ ಎಲ್ಲ ಇದೆ. ಟೆಸ್ಟ್ ಮುಗಿದ ಮೇಲೆ ವೆಬ್‌ಪೇಜಿನ ಮರ್ಜ್ ಬಟನ್ ಒತ್ತಿದರೆ ಇನ್ನೊಂದು ಹೊಸ ಕಮಿಟ್ ಹುಟ್ಟುತ್ತದೆ. ಅಷ್ಟರಲ್ಲಿ ಮೇನ್ ಮುಂದೆ ಹೋಗಿದ್ದರೆ ಆ ಕಮಿಟ್ ಟೆಸ್ಟ್ ಆಗಿರುವುದೇ ಇಲ್ಲ. ಮೇನ್‌ಗೆ ಪುಶ್ ಮಾಡುವ ಹಕ್ಕು ಈಗ ಸ್ಕ್ರಿಪ್ಟ್‌ಗೆ ಮಾತ್ರ.

ಮೊದಲ ತಿಂಗಳು ಎದುರು ಮಾತಾಡಿದವರ ಮಾತೇ ನಿಜವಾಯಿತು. ಟೆಸ್ಟ್ ಓಡಲು ನಲವತ್ತು ನಿಮಿಷ ಬೇಕಿತ್ತು. ಸಂಜೆ ಹೊತ್ತಿಗೆ ಸಾಲು ಬೆಳೆದು ಮರುದಿನಕ್ಕೆ ಹೋಗುತ್ತಿತ್ತು. ದೊಡ್ಡ ಕ್ಲೌಡ್ ಮಷಿನ್ ತಗೊಂಡು ನೋಡಿದೆವು, ಬಿಲ್ ತಿಂಗಳಿಗೆ ಮೂವತ್ತು ಸಾವಿರದ ಹತ್ತಿರ ಬಂತು. ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಐವತ್ತೈದು ಸಾವಿರದ ಆಸುಪಾಸಿನಲ್ಲಿ 64 ಜಿಬಿ ರ್‍ಯಾಮ್ ಇರುವ ಡೆಸ್ಕ್‌ಟಾಪ್ ಜೋಡಿಸಿಕೊಂಡು ಬಂದೆ. ಯುಪಿಎಸ್ ಬೇರೆ. ಎರಡೇ ತಿಂಗಳಲ್ಲಿ ದುಡ್ಡು ಗಿಟ್ಟಿತು.

ವೇಗ ಬಂದದ್ದು ಮಾತ್ರ ಡೇಟಾಬೇಸ್‌ನಿಂದ. ನಮ್ಮ ಡೇಟಾಬೇಸ್ ಪೋಸ್ಟ್‌ಗ್ರೆಸ್‌ನ ಡೇಟಾ ಡೈರೆಕ್ಟರಿಯನ್ನು ಟಿಎಂಪಿಎಫ್‌ಎಸ್‌ನಲ್ಲಿ (ಡಿಸ್ಕ್ ಬದಲು ಮೆಮೊರಿಯಲ್ಲಿ) ಇಟ್ಟು, ಬರೆದದ್ದು ಡಿಸ್ಕಿಗೆ ಮುಟ್ಟುವವರೆಗೆ ಕಾಯಿಸುವ ಎಫ್‌ಸಿಂಕ್ ಆಫ್ ಮಾಡಿದೆ. ಟೆಸ್ಟ್ ಡೇಟಾ ತಾನೇ, ಹೋದರೆ ಹೋಗಲಿ. ಮೈಗ್ರೇಶನ್ (ಟೇಬಲ್‌ಗಳನ್ನು ಕಟ್ಟುವ ಹಂತ) ಒಂದೇ ಸಲ ಓಡಿಸಿ, ನಕಲು ತೆಗೆಯಲು ಟೆಂಪ್ಲೇಟ್ ಡೇಟಾಬೇಸ್ ಮಾಡಿ, ಒಟ್ಟಿಗೆ ಟೆಸ್ಟ್ ಓಡಿಸುವ ಎಂಟು ಪ್ರೋಸೆಸ್‌ಗೂ ಒಂದೊಂದು ನಕಲು ಕೊಟ್ಟೆ. ನಲವತ್ತು ನಿಮಿಷದ ಕೆಲಸ ಎಂಟೊಂಬತ್ತು ನಿಮಿಷಕ್ಕೆ ಇಳಿಯಿತು. ಇಷ್ಟು ಇಳಿಸಿದ್ದಕ್ಕೆ ನನಗೆ ಹೆಮ್ಮೆ ಇದೆ.

ಬದಲಾದ ಫೈಲಿಗೆ ಸಂಬಂಧಪಟ್ಟ ಟೆಸ್ಟ್ ಮಾತ್ರ ಓಡಿಸಿಯೂ ನೋಡಿದೆ. ಸೆಟ್ಟಿಂಗ್ಸ್ ಮತ್ತು ಟೆಂಪ್ಲೇಟ್ ಫೈಲುಗಳ ಬದಲಾವಣೆ ಅದರಲ್ಲಿ ನುಸುಳಿ ಹೋಗುತ್ತಿತ್ತು, ಬಿಟ್ಟುಬಿಟ್ಟೆ. ನಾಲ್ಕು ಬ್ರಾಂಚ್ ಒಟ್ಟಿಗೆ ಸೇರಿಸಿ ಓಡಿಸುವುದು, ಫೇಲಾದರೆ ಎರಡೆರಡಾಗಿ ಒಡೆಯುವುದು ಚೆನ್ನಾಗಿ ಕೆಲಸ ಮಾಡಿತು. ಯಾವ ನಾಲ್ಕನ್ನು ಸೇರಿಸಬೇಕು ಅಂತ ಆರಿಸುವ ಲೆಕ್ಕ ಒಂದಿದೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ತಲೆ ತಿಂದದ್ದು ಒಮ್ಮೆ ಪಾಸ್ ಒಮ್ಮೆ ಫೇಲ್ ಆಗುವ ಟೆಸ್ಟ್‌ಗಳು. ಒಂದಂತೂ ರಾತ್ರಿ ಪಾಳಿಯವರಿಗೆ ಮಾತ್ರ ಫೇಲಾಗುತ್ತಿತ್ತು. ಮಷಿನ್ ಗಡಿಯಾರ ಯುಟಿಸಿಯಲ್ಲಿತ್ತು, ಅಂದರೆ ನಮಗಿಂತ ಐದೂವರೆ ಗಂಟೆ ಹಿಂದೆ. ನಮ್ಮ ಮಧ್ಯರಾತ್ರಿಯಿಂದ ಬೆಳಗ್ಗೆ ಐದೂವರೆವರೆಗೆ ಅದಕ್ಕೆ ಇನ್ನೂ ನಿನ್ನೆಯ ತಾರೀಕು! ಇನ್‌ವಾಯ್ಸ್ ದಿನಾಂಕ ಹೊಂದುತ್ತಿರಲಿಲ್ಲ. ಗ್ರಾಹಕರಿಗೆ ಹೋಗುವ ಕೋಡಿನಲ್ಲೂ ಅದೇ ತಪ್ಪು ಸಿಕ್ಕಿತು. ಅವತ್ತಿಂದ ಇಂಥ ಟೆಸ್ಟ್ ಕಂಡರೆ ಮತ್ತೆ ಓಡಿಸಿ ಸುಮ್ನೆ ಬಿಡುವುದಿಲ್ಲ. ಪಕ್ಕಕ್ಕೆ ಇಟ್ಟು, ಬರೆದವರ ಹೆಸರಿಗೆ ಟಿಕೆಟ್ ಹಾಕುತ್ತೇವೆ. ವಾರದೊಳಗೆ ಸರಿಯಾಗದಿದ್ದರೆ ಅಳಿಸುತ್ತೇವೆ. ಇದಕ್ಕೆ ಬೈದವರೂ ಇದ್ದಾರೆ. ನಾನು ಜಗ್ಗಲಿಲ್ಲ.

ನೀವೂ ಸ್ವಂತ ಮಷಿನ್ ಇಡುವುದಾದರೆ ಪ್ರೈವೇಟ್ ರೆಪೊಗೆ ಮಾತ್ರ ಇಡಿ. ಪಬ್ಲಿಕ್ ರೆಪೊದಲ್ಲಿ ಯಾರೋ ಫೋರ್ಕ್ ಮಾಡಿ (ನಕಲು ತೆಗೆದು ಬದಲಾಯಿಸಿ) ಕಳಿಸಿದ ಕೋಡ್ ನಿಮ್ಮ ಆಫೀಸಿನ ನೆಟ್‌ವರ್ಕ್ ಒಳಗೇ ಓಡುವ ಅಪಾಯ ಇದೆ. ಡೆಪ್ಲಾಯ್‌ಗೆ (ಸಾಫ್ಟ್‌ವೇರ್ ಅನ್ನು ಬಳಕೆಗೆ ಬಿಡುವುದಕ್ಕೆ) ಬೇಕಾದ ಪಾಸ್‌ವರ್ಡ್, ಕೀ ಯಾವುದನ್ನೂ ಆ ಮಷಿನ್‌ನಲ್ಲಿ ಇಡಬೇಡಿ.