ಐತ್ಜಾಜ್ ಅಹ್ಸನ್ ಬದುಕನ್ನು ಬರೆಯಲು ಹಿಡಿದ ದಾರಿ

‘ವಕೀಲರಾಗಿದ್ದು ಆಮೇಲೆ ರಾಜಕಾರಣಿಯಾದರು’ ಎಂದು ಐತ್ಜಾಜ್ ಅಹ್ಸನ್ ಅವರ ಪರಿಚಯ ಶುರು ಮಾಡಿದರೆ ಎರಡನೇ ಪ್ಯಾರಾದಲ್ಲೇ ಎಡವಟ್ಟಾಗುತ್ತದೆ. ಪಾಕಿಸ್ತಾನದ ಈ ಮನುಷ್ಯ ಕರಿಕೋಟು ಕಳಚಿಟ್ಟು ರಾಜಕೀಯಕ್ಕೆ ಹೋದವರೇ ಅಲ್ಲ. ಹಾಗಾಗಿ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಕೋರ್ಟು, ಬಲಕ್ಕೆ ಪಕ್ಷ ಎಂದು ಇಸವಿಗಳನ್ನು ಎದುರುಬದುರು ಬರೆದುಕೊಂಡೆ.

ಮೊದಲರ್ಧ ಸಲೀಸು. 1945ರಲ್ಲಿ ಮುರ್ರೀಯಲ್ಲಿ ಜನನ, ಲಾಹೋರ್ ಮತ್ತು ಕೇಂಬ್ರಿಡ್ಜ್‌ನಲ್ಲಿ ಓದು, 1975ರಲ್ಲಿ ಪೀಪಲ್ಸ್ ಪಾರ್ಟಿಯಿಂದ ಪಂಜಾಬ್ ಪ್ರಾಂತೀಯ ಸಭೆಗೆ. 1977ರಲ್ಲಿ ವಕೀಲರ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿದಾಗ ತಮ್ಮದೇ ಪಕ್ಷದ ಸರ್ಕಾರದ ಸಚಿವಗಿರಿ ಬಿಟ್ಟರು. ಎರಡು ಕಾಲಂಗಳು ಡಿಕ್ಕಿ ಹೊಡೆದದ್ದು ಅಲ್ಲೇ ಮೊದಲು. 1988ರಲ್ಲಿ ಬೆನಜೀರ್ ಸಂಪುಟದಲ್ಲಿ ಗೃಹಸಚಿವ.

ತಪ್ಪುಗಳು ನುಸುಳುವುದು 2007ರ ನಂತರ. ಮುಖ್ಯ ನ್ಯಾಯಮೂರ್ತಿ ಇಫ್ತಿಕಾರ್ ಚೌಧರಿ ಎರಡು ಸಲ ಹುದ್ದೆ ಕಳೆದುಕೊಂಡರು, ಎರಡು ಸಲ ಮರಳಿದರು. ಬಹಳಷ್ಟು ಬರಹಗಳು ಇವನ್ನು ಒಂದೇ ಮಾಡಿಬಿಡುತ್ತವೆ. 2007ರ ಮಾರ್ಚ್ 9ರಂದು ಆಗಿನ ರಾಷ್ಟ್ರಪತಿ ಮುಷರಫ್ ಚೌಧರಿಯವರನ್ನು ಪಕ್ಕಕ್ಕೆ ಸರಿಸಿದರು. ಐತ್ಜಾಜ್ ವಾದದ ಮೇಲೆ ಜುಲೈ 20ರಂದು 13 ನ್ಯಾಯಮೂರ್ತಿಗಳ ಪೀಠ ಮರಳಿ ಕೂರಿಸಿತು. ನವೆಂಬರ್ 3ರ ತುರ್ತು ಪರಿಸ್ಥಿತಿಯಲ್ಲಿ ಮತ್ತೆ ವಜಾ. ಎರಡನೆಯ ಗೆಲುವು ತೀರ್ಪಿನಿಂದ ಬಂದದ್ದಲ್ಲ, ವಕೀಲರ ಲಾಂಗ್ ಮಾರ್ಚ್‌ನಿಂದ. 2009ರ ಮಾರ್ಚ್ 16ರಂದು ಅದನ್ನು ಪ್ರಕಟಿಸಿದವರು ಪ್ರಧಾನಿ ಯೂಸುಫ್ ರಜಾ ಗಿಲಾನಿ. ಈ ಹೆಸರಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿಟ್ಟುಕೊಳ್ಳಬೇಕು.

ಯಾಕೆಂದರೆ 2012ರಲ್ಲಿ ಅದೇ ಗಿಲಾನಿ ಕೋರ್ಟಿನ ಕಟಕಟೆಯಲ್ಲಿ. ಆಗಿನ ರಾಷ್ಟ್ರಪತಿ ಜರ್ದಾರಿ ಮೇಲಿನ ಮೊಕದ್ದಮೆಗಳನ್ನು ಮತ್ತೆ ತೆರೆಯಿರಿ ಎಂದು ಸ್ವಿಟ್ಜರ್ಲೆಂಡಿಗೆ ಪತ್ರ ಬರೆಯದ್ದಕ್ಕೆ ನ್ಯಾಯಾಂಗ ನಿಂದನೆಯ ಆರೋಪ. ಅವರ ವಕೀಲರು ಐತ್ಜಾಜ್! ತಾವೇ ಬೀದಿಗಿಳಿದು ಉಳಿಸಿದ ಕೋರ್ಟಿನ ಎದುರು ತಮ್ಮ ಪಕ್ಷದ ಪ್ರಧಾನಿಯ ಪರ ವಾದ. ಇಡೀ ವ್ಯಕ್ತಿಚಿತ್ರದ ತಿರುಳು ಇದೇ, ಜಾಗ ಇಲ್ಲಿಗೇ ಹೆಚ್ಚು ಕೊಟ್ಟೆ. ಇಲ್ಲೂ ಆದೇಶಗಳು ಎರಡು. ಏಪ್ರಿಲ್ 26ರಂದು ಏಳು ನ್ಯಾಯಮೂರ್ತಿಗಳ ಪೀಠ ಕೊಟ್ಟದ್ದು ‘ಕೋರ್ಟ್ ಏಳುವವರೆಗೆ’ ಶಿಕ್ಷೆ, ಅಂದರೆ ಒಂದು ನಿಮಿಷವೂ ಇಲ್ಲ. ಕುರ್ಚಿ ಹೋದದ್ದು ಜೂನ್ 19ರ ಪ್ರತ್ಯೇಕ ಆದೇಶದಿಂದ. ಈ ಎರಡನೆಯ ಆದೇಶ ಕೊಟ್ಟ ಪೀಠದ ನೇತೃತ್ವ ಚೌಧರಿಯವರದು.

2018ರ ರಾಷ್ಟ್ರಪತಿ ಚುನಾವಣೆಯಲ್ಲಿ ಸೋತಾಗ ಸಿಕ್ಕ 124 ಮತಗಳನ್ನು ‘124 ಸದಸ್ಯರ ಬೆಂಬಲ’ ಎಂದು ಬರೆಯಬಾರದು. ಈ ಚುನಾವಣೆಯಲ್ಲಿ ಪ್ರಾಂತೀಯ ಸಭೆಗಳಿಗೆಲ್ಲ ಸಮಾನ ತೂಕ; ಅವುಗಳಲ್ಲಿ ಅತಿ ಚಿಕ್ಕದಾದ ಬಲೂಚಿಸ್ತಾನ ಸಭೆಯ ಸದಸ್ಯಬಲ 65. ಪಂಜಾಬಿನ 371 ಸದಸ್ಯರ ಮತಗಳನ್ನೂ ಆ 65ಕ್ಕೇ ಇಳಿಸಿ ಎಣಿಸುತ್ತಾರೆ.