ಕಳಿಸಿದ ಲಿಂಕನ್ನು ವಾಪಸ್ ಪಡೆಯಲು ಆಗುತ್ತದೆಯೇ?

ನಮ್ಮದು ಆರು ಜನರ ತೆರಿಗೆ ಸಲಹಾ ಕಚೇರಿ. ದಿನವಿಡೀ ಬಂದು ಹೋಗುವುದು ಕ್ಲೈಂಟ್‌ಗಳ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್, ಫಾರ್ಮ್ 16. ಫೈಲ್ ಹಂಚುವ ಸೇವೆ ಆರಿಸುವಾಗ ಎನ್‌ಕ್ರಿಪ್ಶನ್ ಜಾಹೀರಾತುಗಳನ್ನು ಪಕ್ಕಕ್ಕಿಟ್ಟೆವು. ಫೈಲು ಸಾಗುವಾಗ ಟಿಎಲ್‌ಎಸ್, ಸರ್ವರಿನಲ್ಲಿ ಕೂತಿರುವಾಗ ಎಇಎಸ್ ಎಂಬ ಗೂಢಲಿಪಿ ವಿಧಾನಗಳು ದೊಡ್ಡ ಸೇವೆಗಳಲ್ಲೆಲ್ಲ ಇವೆ. ಫೈಲು ಸೋರುವುದು ಹೆಚ್ಚಾಗಿ ನಾವೇ ಕಳಿಸಿ ಮರೆತ ಲಿಂಕಿನಿಂದ.

ಹಾಗಾಗಿ ಟ್ರಯಲ್ ಅವಧಿಯಲ್ಲೇ ಒಂದು ಪರೀಕ್ಷೆ ಮಾಡಿದೆವು. ಸುಳ್ಳು ಹೆಸರು, ಸುಳ್ಳು ಪ್ಯಾನ್ ಇರುವ ಒಂದು ಪಿಡಿಎಫ್ ಏರಿಸಿ, ಪಾಸ್‌ವರ್ಡ್ ಮತ್ತು 7 ದಿನದ ಗಡುವು ಹಾಕಿದ ಲಿಂಕನ್ನು ಹೊರಗಿನ ಮೇಲ್‌ಗೆ ಕಳಿಸುವುದು. ಲಾಗಿನ್ ಆಗಿರದ ಬ್ರೌಸರಿನಲ್ಲಿ ತೆರೆಯುವುದು. ಲಿಂಕ್ ರದ್ದು ಮಾಡಿ ಅದೇ ಟ್ಯಾಬ್ ರಿಫ್ರೆಶ್ ಮಾಡುವುದು. ಕೊನೆಗೆ ಅಡ್ಮಿನ್ ಲಾಗ್ ತೆರೆದು, ಯಾರು ಯಾವಾಗ ಇಳಿಸಿಕೊಂಡರು ಎಂಬುದು ಕಾಣುತ್ತದೆಯೇ ನೋಡುವುದು. ಗೂಗಲ್ ಡ್ರೈವ್ ಲಿಂಕಿಗೆ ಪಾಸ್‌ವರ್ಡ್ ಹಾಕುವ ಸೌಲಭ್ಯವೇ ಇಲ್ಲ. ಅಲ್ಲಿ ಮೇಲ್ ವಿಳಾಸಕ್ಕೆ ಮಾತ್ರ ಅನುಮತಿ ಕೊಡಬೇಕು. ಒನ್‌ಡ್ರೈವ್‌ನ ಬಿಸಿನೆಸ್ ಪ್ಲಾನ್, ಜೋಹೋ ವರ್ಕ್‌ಡ್ರೈವ್ ಎರಡರಲ್ಲೂ ಪಾಸ್‌ವರ್ಡ್, ಗಡುವು ಇವೆ. ಒಮ್ಮೆ ಇಳಿಸಿಕೊಂಡ ಪ್ರತಿ ಮಾತ್ರ ಯಾವ ಸೇವೆಯಲ್ಲೂ ವಾಪಸ್ ಬರುವುದಿಲ್ಲ.

ಎಲ್ಲರೂ ಒಂದೇ ಜೀಮೇಲ್‌ನಲ್ಲಿ ಕೂತರೆ ಈ ಲಾಗ್‌ಗೆ ಬೆಲೆಯೇ ಇಲ್ಲ. ತಲೆಗೊಂದು ಖಾತೆ ಬೇಕು, ಎರಡನೇ ಹಂತದ ದೃಢೀಕರಣ ಆ್ಯಪ್‌ನಲ್ಲಿರಬೇಕು. ಒಟಿಪಿ ಮಾಲೀಕರ ಸಿಮ್‌ಗೆ ಹೋಗುತ್ತಿದ್ದರೆ ಅವರು ಮದುವೆ ಊಟಕ್ಕೆ ಹೋದ ದಿನ ಕೆಲಸವೇ ನಿಲ್ಲುತ್ತದೆ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ಸೈಬರ್ ಘಟನೆಯನ್ನು 6 ಗಂಟೆಯೊಳಗೆ ಅದಕ್ಕೆ ತಿಳಿಸಬೇಕು, ಲಾಗ್ 180 ದಿನ ಇರಬೇಕು. ಲಾಗ್ ಎಷ್ಟು ದಿನ ಉಳಿಯುತ್ತದೆ ಎಂದು ಕೊಳ್ಳುವ ಮೊದಲೇ ಕೇಳಿ.

ಇನ್ನೊಂದು ಪ್ರಶ್ನೆ: ಫೈಲು ಯಾರದು? ಗೂಗಲ್‌ನ 'ಮೈ ಡ್ರೈವ್'ನಲ್ಲಿ ಏರಿಸಿದ್ದು ಏರಿಸಿದವರ ಖಾತೆಗೆ ಸೇರುತ್ತದೆ. ಕೆಲಸ ಬಿಟ್ಟವರ ಖಾತೆಯನ್ನು ವರ್ಗಾವಣೆ ಮಾಡದೆ ಅಳಿಸಿದರೆ ಫೈಲೂ ಹೋಯಿತು. ಶೇರ್ಡ್ ಡ್ರೈವ್, ಜೋಹೋದ ಟೀಮ್ ಫೋಲ್ಡರ್‌ಗಳಲ್ಲಿ ಇಟ್ಟದ್ದು ಸಂಸ್ಥೆಯದಾಗಿಯೇ ಉಳಿಯುತ್ತದೆ.

ಇಷ್ಟೆಲ್ಲ ಮಾಡಿದರೂ ವ್ಯವಸ್ಥೆ ಕುಸಿಯುವುದು ಕ್ಲೈಂಟ್ ಕಡೆಯಿಂದ. 'ವಾಟ್ಸಾಪ್‌ಗೆ ಹಾಕ್ತೀನಿ ಬಿಡಿ ಸಾರ್' ಎಂದರೆ ಮುಗಿಯಿತು, ಆಧಾರ್ ನಾಲ್ಕು ಫೋನುಗಳ ಗ್ಯಾಲರಿಯಲ್ಲಿ ಕೂತಿರುತ್ತದೆ. ಇದಕ್ಕೆ ಫೈಲ್ ರಿಕ್ವೆಸ್ಟ್ ಸೌಲಭ್ಯವೇ ಮದ್ದು: ಕ್ಲೈಂಟ್ ಖಾತೆ ತೆರೆಯದೆ, ಲಿಂಕ್ ಒತ್ತಿ ಫೋಟೊ ಏರಿಸುತ್ತಾರೆ, ಬೇರೆಯವರ ಫೈಲು ಅವರಿಗೆ ಕಾಣುವುದಿಲ್ಲ. ನನ್ನ ಮಟ್ಟಿಗೆ ಇದಿಲ್ಲದ ಸೇವೆ ಎಷ್ಟೇ ಭದ್ರವಾಗಿದ್ದರೂ ಬೇಡ.

ಲೆಕ್ಕಪತ್ರದ ಸಾಫ್ಟ್‌ವೇರ್ ಟ್ಯಾಲಿಯ ಚಾಲ್ತಿ ಡೇಟಾ ಫೋಲ್ಡರನ್ನು ಸಿಂಕ್‌ಗೆ, ಅಂದರೆ ತಾನಾಗಿಯೇ ಸರ್ವರಿಗೆ ಏರುತ್ತಿರುವಂತೆ, ಹಾಕಬೇಡಿ. ಇಬ್ಬರು ತೆರೆದಿರುವಾಗ ಸಿಂಕ್ ಆದರೆ ಡೇಟಾ ಕೆಡಬಹುದು. ಟ್ಯಾಲಿ ಮುಚ್ಚಿ, ಬ್ಯಾಕಪ್ ಫೈಲ್ ಮಾಡಿ, ಅದನ್ನು ಏರಿಸಿ. ಕಂಪನಿಗಳ ಲೆಕ್ಕಪುಸ್ತಕದ ಬ್ಯಾಕಪ್ ದಿನವೂ ಭಾರತದಲ್ಲಿರುವ ಸರ್ವರಿಗೇ ಹೋಗಬೇಕೆಂಬ ನಿಯಮವಿದೆ, ಆದ್ದರಿಂದ ಡೇಟಾ ಸೆಂಟರ್ ಎಲ್ಲಿದೆ ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ.

ಕನ್ನಡದಲ್ಲಿ ಪತ್ರ ಬರೆಯುವವರಿಗೆ ಬರುವ ತಾಪತ್ರಯ ಒಂದಿದೆ. ಯೂನಿಕೋಡ್ ಅಲ್ಲದ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರ ಬ್ರೌಸರ್ ಪ್ರಿವ್ಯೂನಲ್ಲಿ ಅರ್ಥವಿಲ್ಲದ ಅಕ್ಷರಗಳಾಗಿ ಕಾಣುತ್ತದೆ, ಕ್ಲೈಂಟ್ 'ಫೈಲ್ ಕೆಟ್ಟಿದೆ' ಎಂದು ಫೋನ್ ಮಾಡುತ್ತಾರೆ. ಫಾಂಟ್ ಸೇರಿಸಿದ ಪಿಡಿಎಫ್ ಮಾಡಿಯೇ ಕಳಿಸಿ.